ತಟ್ಟೆಯಲ್ಲಿ ಉಳಿದದ್ದಕ್ಕೂ ದುಡ್ಡು ಕೊಟ್ಟಿರುತ್ತಾರೆ

ಆಹಾರ ತಜ್ಞೆಯಾಗಿ ಕೆಲಸ ಶುರು ಮಾಡಿದಾಗಿನಿಂದ ಬಡವರ ಊಟದ ಬಗ್ಗೆ ಒಂದು ಮಾತು ಕೇಳುತ್ತಲೇ ಇದ್ದೇನೆ. "ತರಕಾರಿ ಅಂಥ ದುಬಾರಿ ಏನಲ್ಲ ಮೇಡಂ. ಇವರಿಗೆ ತಿಳುವಳಿಕೆ ಇಲ್ಲ, ಅಷ್ಟೆ." ಹೇಳುವವರು ಕೆಟ್ಟವರಲ್ಲ. ಡಾಕ್ಟರು, ನರ್ಸು, ಸಹಾಯ ಮಾಡಲೆಂದೇ ಬಂದವರು. ಆದರೂ ಈ ಮಾತು ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ.

ವಿಶ್ವಸಂಸ್ಥೆಯ 2024ರ ವರದಿಯ ಅಂದಾಜಿನಂತೆ, 2022ರಲ್ಲಿ ಜಗತ್ತಿನ 280 ಕೋಟಿಗೂ ಹೆಚ್ಚು ಜನರ ಕೈಗೆ ಪೌಷ್ಟಿಕ ಊಟ ಎಟುಕುತ್ತಿರಲಿಲ್ಲ. ಅಷ್ಟು ಜನರಿಗೂ ತಿಳುವಳಿಕೆ ಇಲ್ವಾ?

ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಮಗುವಿಗೆ ರಕ್ತ ಕಡಿಮೆ ಇತ್ತು. ಸೊಪ್ಪು, ಕಾಳು ಕೊಡಿ ಎಂದು ಬರೆದುಕೊಟ್ಟೆ. ತಿಂಗಳು ಬಿಟ್ಟು ಬಂದಾಗ ವಿಚಾರಿಸಿದೆ. "ಎರಡು ಸಲ ಮಾಡಿದೆ ಮೇಡಂ, ಎರಡು ಸಲವೂ ಉಗಿದ. ಮತ್ತೆ ಉಗಿದರೆ ಅವತ್ತು ರಾತ್ರಿ ಅವನಿಗೆ ಕೊಡೋಕೆ ಬೇರೆ ಏನೂ ಇರಲಿಲ್ಲ" ಎಂದರು. ಅವರಿಗೆ ಏನು ಉತ್ತರ ಕೊಡಬೇಕೋ ನನಗೆ ತೋಚಲಿಲ್ಲ.

ಈ ಲೆಕ್ಕವನ್ನು ದಯವಿಟ್ಟು ನಿಧಾನವಾಗಿ ಓದಿ. ಹೊಸ ರುಚಿ ಮಗುವಿನ ನಾಲಿಗೆಗೆ ಒಗ್ಗಲು ಸಾಮಾನ್ಯವಾಗಿ 8ರಿಂದ 15 ಸಲ ತಿನ್ನಿಸಿ ನೋಡಬೇಕಾಗುತ್ತದೆ. ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ, ಕೆಲವರು ಬೇಗ ಒಪ್ಪುತ್ತಾರೆ. ಹತ್ತು ಸಲ ಅಂತಲೇ ಇಟ್ಟುಕೊಳ್ಳಿ. ಒಂಬತ್ತು ಸಲ ಮಗು ತಟ್ಟೆ ತಳ್ಳಿದರೆ, ಹತ್ತನೇ ಸಲದ ಊಟಕ್ಕೆ ತಾಯಿ ಹತ್ತು ಊಟದ ದುಡ್ಡು ಕೊಟ್ಟಿರುತ್ತಾಳೆ. ಅದರ ಮೇಲೆ ಒಲೆ ಉರಿಸಿದ ಖರ್ಚು, ಹಸಿದ ಮಗುವಿಗೆ ಮತ್ತೇನಾದರೂ ಕೊಟ್ಟ ಖರ್ಚು. ದುಡ್ಡಿರುವ ಮನೆಯಲ್ಲಿ ಇದನ್ನೆಲ್ಲ ಯಾರೂ ಲೆಕ್ಕ ಇಡುವುದಿಲ್ಲ. ಇಲ್ಲದ ಮನೆಯಲ್ಲಿ ಬಿಸ್ಕತ್ತು ತರುತ್ತಾರೆ. ಅದು ಕೆಡುವುದಿಲ್ಲ, ಬೇಯಿಸಬೇಕಿಲ್ಲ, ಮಗು ಬೇಡ ಅನ್ನುವುದಿಲ್ಲ. ಒಂದು ಚೂರೂ ಹಾಳಾಗುವುದಿಲ್ಲ. ಇದು ದಡ್ಡತನವಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ತರುತ್ತಿದ್ದೆ.

ಹೊಟ್ಟೆ ತುಂಬುವ ಲೆಕ್ಕವೂ ಹೀಗೇ. 100 ಗ್ರಾಂ ಸೊಪ್ಪಿನಲ್ಲಿ ಸುಮಾರು 25 ಕ್ಯಾಲೊರಿ. ಅಷ್ಟೇ ತೂಕದ ಸಕ್ಕರೆಯಲ್ಲಿ 400ರ ಹತ್ತಿರ, ಎಣ್ಣೆಯಲ್ಲಿ 900ರ ಹತ್ತಿರ. ದಿನವಿಡೀ ಮೈಮುರಿದು ದುಡಿಯುವವರಿಗೆ ಮೊದಲು ಬೇಕಾಗುವುದು ಕಸುವು.

ಆದ್ದರಿಂದ ನಾನೀಗ ಮಗುವಿಗಾಗಿ ಬೇರೆ ಅಡುಗೆ ಮಾಡಿ ಎನ್ನುವುದಿಲ್ಲ. ದೊಡ್ಡವರು ತಿನ್ನುವ ಪಾತ್ರೆಯಿಂದಲೇ ಒಂದು ಚಮಚ, ಅಷ್ಟೇ. ಉಗಿದರೆ ಹೋಗುವುದು ಒಂದು ಚಮಚ. ಉಳಿದದ್ದನ್ನು ಮನೆಯವರು ಉಣ್ಣುತ್ತಾರೆ. ಕೆಲವು ಮನೆಗಳಲ್ಲಿ ಇದು ನಡೆದಿದೆ. ಆ ಪಾತ್ರೆಯಲ್ಲೇ ಸೊಪ್ಪು ಬೀಳದ ಮನೆಗೆ ಮಾತ್ರ ನನ್ನ ಸಲಹೆಯಿಂದ ಏನೂ ಆಗುವುದಿಲ್ಲ. ಅಲ್ಲಿ ಬೇಕಿರುವುದು ದುಡ್ಡು, ಇಲ್ಲವೇ ದಿನಸಿ.

ಶುಗರ್ ಇರುವವರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದ ಬಡವರು ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇ 27ರಷ್ಟು ಜಾಸ್ತಿ ಇದ್ದರು. ಅನುಕೂಲಸ್ಥರಲ್ಲಿ ಈ ಏರಿಕೆ ಇರಲಿಲ್ಲ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ತಪ್ಪದೆ ಹಾಕಿಕೊಂಡು, ತಿಂಗಳ ಕೊನೆಗೆ ದುಡ್ಡು ಮುಗಿದು ಊಟ ಸಾಲದೇ ಹೋದರೆ ಹೀಗಾಗಬಹುದು.

ನನ್ನ ಜೊತೆ ಕೆಲಸ ಮಾಡುವವರಿಗೆ ಒಂದು ಮನವಿ. ಚೀಟಿ ಬರೆಯುವ ಮೊದಲು, ತಿಂಗಳ ಕೊನೆಗೆ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಒಲೆ ಹಚ್ಚುತ್ತೀರಿ ಎಂದು ಕೇಳಿ. ಬೇರೆಯವರು ಕೇಳುತ್ತಿರುವಾಗ ಬೇಡ. ರೋಗಿಗಳೇ, ಡಾಕ್ಟರ್ ತಾವಾಗಿ ಕೇಳದಿದ್ದರೂ ನೀವೇ ಹೇಳಿ. ಡೋಸ್ ನೀವಾಗಿಯೇ ಬದಲಿಸಬೇಡಿ. ಊಟ ತಪ್ಪುವ ದಿನ ಏನು ಮಾಡಬೇಕು ಎಂದು ಮೊದಲೇ ಬರೆಸಿಕೊಳ್ಳಿ.