ತರಬೇತಿ ಮುಗಿದ ಮೇಲೆ ತರಗತಿಗೆ ಬರುವವರು ಯಾರು?

ಬೇಸಿಗೆ ರಜೆಯಲ್ಲೊಂದು, ಪರೀಕ್ಷೆಯ ಹೊಸ್ತಿಲಲ್ಲೊಂದು, ಮೊಬೈಲಿನಲ್ಲಿ ಮತ್ತೊಂದು ಎಂದು ಸರ್ಕಾರಿ ಶಾಲಾ ಶಿಕ್ಷಕರಿಗೆ ತರಬೇತಿಯ ಆದೇಶಗಳು ಬರುತ್ತಲೇ ಇದ್ದರೂ ಮಕ್ಕಳ ಕಲಿಕೆ ಅದೇ ವೇಗದಲ್ಲಿ ಏಕೆ ಸುಧಾರಿಸಿಲ್ಲ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಪ್ರತಿ ಐದು ವರ್ಷಗಳಲ್ಲಿ ಎರಡು ಮೂರು ತಿಂಗಳ ಸೇವಾನಿರತ ತರಬೇತಿ ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1986ರ ಶಿಕ್ಷಣ ನೀತಿಯ ಬಳಿಕ ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಸ್ಥಾಪನೆಯಾದವು.

1990ರ ದಶಕದ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಇವೆಲ್ಲಕ್ಕಿಂತ ಭಿನ್ನವಾಗಿತ್ತು. ಸುತ್ತಲಿನ ಕೆಲವು ಶಾಲೆಗಳನ್ನು ಸೇರಿಸಿ ಒಂದು ಕ್ಲಸ್ಟರ್ ರಚಿಸಿ, ಅನುಭವಿ ಶಿಕ್ಷಕರೊಬ್ಬರನ್ನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ಸಿಆರ್‌ಪಿಯಾಗಿ ನೇಮಿಸುವ ವ್ಯವಸ್ಥೆ ಅದರೊಂದಿಗೆ ಬಂತು. ಅವರು ಪಾಠ ನೋಡಬೇಕು, ಅಗತ್ಯವಿದ್ದರೆ ತಾವೇ ಪಾಠ ಮಾಡಿ ತೋರಿಸಬೇಕು, ತಿಂಗಳ ಸಮಾಲೋಚನಾ ಸಭೆಯಲ್ಲಿ ಎಲ್ಲರ ತೊಡಕುಗಳನ್ನು ಚರ್ಚೆಗೆ ತರಬೇಕು ಎಂಬುದು ಆಶಯ. ಇದೇ ಕಾಲದಲ್ಲಿ, 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯ ಕಾರ್ಡುಗಳನ್ನು ರೂಪಿಸುವಲ್ಲಿ ಶಿಕ್ಷಕರೇ ತೊಡಗಿದ್ದರು. ಆ ಪದ್ಧತಿ 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಣೆಯಾದಾಗ ಕಾರ್ಡುಗಳು ಎಲ್ಲ ಕಡೆಗೂ ತಲುಪಿದವು, ಆದರೆ ಅವುಗಳನ್ನು ರೂಪಿಸುತ್ತಾ ಕಲಿಯುವ ಅವಕಾಶ ತಲುಪಲಿಲ್ಲ.

ಸರ್ವ ಶಿಕ್ಷಾ ಅಭಿಯಾನದ ವರ್ಷಗಳಲ್ಲಿ ತರಬೇತಿಯ ದಿನಗಳು ಹೆಚ್ಚಿದವು. ಬೆಂಗಳೂರಿನಲ್ಲಿ ಸಿದ್ಧವಾದ ತರಬೇತಿ ಸಾಹಿತ್ಯವು ರಾಜ್ಯ, ಜಿಲ್ಲೆ, ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿಗಳ ಮೂಲಕ ಹಂತ ಹಂತವಾಗಿ ಇಳಿಯುತ್ತಿತ್ತು; ಪ್ರತಿ ಹಂತದಲ್ಲೂ ಚರ್ಚೆ ಸೊರಗಿ ಸೂಚನೆಯಷ್ಟೇ ಉಳಿಯುತ್ತಿತ್ತು. ಇತ್ತ ಸಿಆರ್‌ಪಿಗಳ ಹೆಗಲಿಗೆ ಅಂಕಿಅಂಶ ಸಂಗ್ರಹದ ಕೆಲಸ ಸೇರುತ್ತಾ ಹೋಗಿ, ಪಾಠ ನೋಡಲು ಬಿಡುವು ಕಡಿಮೆಯಾಯಿತು. ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ ಮನೆಮಾತಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಬೆಂಗಳೂರಿನ ಶಾಲೆಗಳಲ್ಲಿ ಈ ಕೊರತೆ ಇನ್ನೂ ತೀವ್ರ, ಏಕೆಂದರೆ ಅಲ್ಲಿನ ತೊಡಕು ಎಲ್ಲರಿಗೂ ಒಂದೇ ಎಂದು ಬರೆದ ಕೈಪಿಡಿಗೆ ಸಿಗುವಂಥದ್ದಲ್ಲ.

ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಶಿಕ್ಷಕರ ತರಬೇತಿ ಕುರಿತ 1,300ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿದಾಗ ಕಟ್ಟುನಿಟ್ಟಾದ ಸಾಕ್ಷ್ಯ ಕಂಡದ್ದು ಒಂಬತ್ತರಲ್ಲಿ ಮಾತ್ರ. ಅವುಗಳಲ್ಲಿಯೂ 14 ಗಂಟೆ ಅಥವಾ ಅದಕ್ಕಿಂತ ಕಡಿಮೆ ಅವಧಿಯ ತರಬೇತಿಯಿಂದ ಮಕ್ಕಳ ಕಲಿಕೆಯ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ. ದಕ್ಷಿಣ ಆಫ್ರಿಕಾದ ಪ್ರಯೋಗವೊಂದರಲ್ಲಿ, ಒಂದೆಡೆ ಕರೆಸಿ ಕೊಟ್ಟ ತರಬೇತಿಗಿಂತ ತರಗತಿಗೇ ಬಂದ ಮಾರ್ಗದರ್ಶಕರಿಂದ ಮಕ್ಕಳ ಓದು ಹೆಚ್ಚು ಸುಧಾರಿಸಿತು.

2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಕೋರ್ಸ್ ಮುಗಿಸಿದರೆ ಪ್ರಮಾಣಪತ್ರ ಸಿಗುತ್ತದೆ, ಗಂಟೆಗಳ ಲೆಕ್ಕವೂ ಸಿಗುತ್ತದೆ. ಆ 50 ಗಂಟೆಗಳಲ್ಲಿ ಒಂದು ಪಾಲನ್ನು ಶಿಕ್ಷಕರ ಸ್ವಂತ ತರಗತಿಯ ವೀಕ್ಷಣೆಗೂ ಆ ಬಗೆಗಿನ ಚರ್ಚೆಗೂ ಮೀಸಲಿಡಲು ಹೊಸ ಹುದ್ದೆ ಬೇಕಿಲ್ಲ; ಅದಕ್ಕೆ ಈಗಿರುವ ಸಿಆರ್‌ಪಿಗಳ ಮಾಹಿತಿ ಸಂಗ್ರಹದ ಹೊರೆಯನ್ನು ಬೇರೆಯವರಿಗೆ ವಹಿಸಬೇಕು.