ತಂತಿಗೆ ತೂಕ ಬೇಡ, ಉದ್ದ ಸಾಕು

ರೋಬಾಟಿನ ಬೆರಳನ್ನು ಎಳೆಯುವ ತಂತಿಯನ್ನು ಕಂಪ್ಯೂಟರಿನಲ್ಲಿ ತೋರಿಸಬೇಕೆಂದಾಗ ಅನೇಕರು ಅದನ್ನು ಮಣಿಸರ ಮಾಡಿಬಿಡುತ್ತಾರೆ: ನೂರು ಮಣಿ, ನಡುನಡುವೆ ಸ್ಪ್ರಿಂಗ್. ಮಣಿ ಹೆಚ್ಚಿದಷ್ಟೂ ನಿಜಕ್ಕೆ ಹತ್ತಿರ ಎಂಬ ಈ ನಂಬಿಕೆ ಬಹಳ ದುಬಾರಿ. 1 ಮೀಟರ್ ಉದ್ದ, 1 ಮಿ.ಮೀ. ದಪ್ಪದ ಉಕ್ಕಿನ ತಂತಿಯ ತೂಕ ಸುಮಾರು 6 ಗ್ರಾಂ. ಒಂದೊಂದು ಮಣಿಯ ಪಾಲಿಗೆ 0.06 ಗ್ರಾಂ. ಸ್ಪ್ರಿಂಗಿನ ಬಿಗಿಯೋ ಮೀಟರಿಗೆ ಒಂದೂವರೆ ಕೋಟಿ ನ್ಯೂಟನ್! ಉಕ್ಕಿನೊಳಗೆ ಸದ್ದು ಒಂದು ಮಣಿಯಿಂದ ಇನ್ನೊಂದಕ್ಕೆ ದಾಟಲು 2 ಮೈಕ್ರೊಸೆಕೆಂಡ್ ಸಾಕು. ಈ ಕ್ಷಣದ ಸ್ಥಿತಿಯಿಂದಲೇ ಮುಂದಿನ ಕ್ಷಣವನ್ನು ಎಣಿಸುವ ಎಕ್ಸ್‌ಪ್ಲಿಸಿಟ್ ವಿಧಾನದ ಲೆಕ್ಕದಲ್ಲಿ ಕಾಲದ ಹೆಜ್ಜೆ ಅದಕ್ಕಿಂತ ದೊಡ್ಡದಾದರೆ ಸರ ಸಿಡಿದು ಚೆಲ್ಲಾಪಿಲ್ಲಿ. ಅಂದರೆ ಒಂದು ಸೆಕೆಂಡಿನ ಚಲನೆಗೆ ಐದು ಲಕ್ಷ ಹೆಜ್ಜೆ.

ರೋಬಾಟಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಮುಜೋಕೊ ತಂತ್ರಾಂಶದ ರೂಢಿಯ ಹೆಜ್ಜೆ 2 ಮಿಲಿಸೆಕೆಂಡ್, ಸಾವಿರ ಪಟ್ಟು ದೊಡ್ಡದು. ತಂತಿಗೆ ಅದು ಕೊಡುವ ರೂಪ 'ಟೆಂಡನ್', ಮೂಲತಃ ತೂಕವಿಲ್ಲದ ಉದ್ದ, ಅಷ್ಟೇ. ಕೀಲು ತಿರುಗಿದಾಗ ಆ ಉದ್ದ ಯಾವ ದರದಲ್ಲಿ ಬದಲಾಗುತ್ತದೋ ಅದೇ ಬಲದ ತೋಳು, ಅಂದರೆ ಕೀಲಿನ ಅಕ್ಷದಿಂದ ಎಳೆತದ ಗೆರೆಗಿರುವ ದೂರ. ದರ್ಜಿಯ ಟೇಪಿಗೆ ಸೊಂಟದ ಒಳಗೆ ಏನಿದೆ ಎಂಬುದು ಬೇಕಿಲ್ಲ, ಸುತ್ತಳತೆ ಗೊತ್ತಾದರೆ ಆಯಿತು. ಬಾವಿಯ ರಾಟೆಯೂ ಹಾಗೆಯೇ: ಕೈಗೆ ಬಂದ ಹಗ್ಗದಷ್ಟೇ ಕೊಡ ಮೇಲೇರುತ್ತದೆ. 8 ಮಿ.ಮೀ. ತ್ರಿಜ್ಯದ ಸಿಲಿಂಡರಿನ ಮೇಲೆ ಹಾದ ತಂತಿ, ಕೀಲು 90 ಡಿಗ್ರಿ ಮಡಚಿದರೆ 12.6 ಮಿ.ಮೀ. ಸರಿಯುತ್ತದೆ, 100 ನ್ಯೂಟನ್ ಎಳೆತಕ್ಕೆ 0.8 ನ್ಯೂಟನ್-ಮೀಟರ್ ತಿರುಗುಬಲ. ಗಣಿತಜ್ಞ ಲಗ್ರಾಂಜ್ ತನ್ನ ಯಂತ್ರಶಾಸ್ತ್ರದ ಗ್ರಂಥದ 1811ರ ಆವೃತ್ತಿಯಲ್ಲಿ ಎಲ್ಲ ಬಲಗಳನ್ನೂ ರಾಟೆಗಳ ಮೇಲಿನ ಒಂದೇ ಹಗ್ಗದಿಂದ ಕಟ್ಟಿ ಇದೇ ತತ್ತ್ವವನ್ನು ಸಾಧಿಸಿದ್ದ. ಅಷ್ಟೊಂದು ರಾಟೆಗಳಿದ್ದೂ ಆ ಗ್ರಂಥದಲ್ಲಿ ಒಂದು ಚಿತ್ರವೂ ಇಲ್ಲ!

ಕೆಡುವುದು ಸಾಮಾನ್ಯವಾಗಿ ಸುತ್ತುವಲ್ಲಿ. ಸಿಲಿಂಡರಿನ ಆಚೆ ಈಚೆ ಒಂದೊಂದು 'ಸೈಟ್', ಅಂದರೆ ತಂತಿ ಹಾಯುವ ಗುರುತಿನ ಬಿಂದು, ಇರಲೇಬೇಕು. ತಂತಿ ಯಾವ ಮಗ್ಗುಲಲ್ಲಿ ಹಾಯಬೇಕೆಂದು 'ಸೈಡ್‌ಸೈಟ್' ಎಂಬ ಮಗ್ಗುಲಿನ ಬಿಂದು ಕೊಟ್ಟು ಹೇಳದಿದ್ದರೆ, ಬೆರಳು ನೆಟ್ಟಗಾಗುವ ಹೊತ್ತಿಗೆ ತಂತಿ ಎದುರು ಮಗ್ಗುಲಿಗೆ ಹಾರಿ, ಮಡಚಬೇಕಾದದ್ದು ಹಿಂದಕ್ಕೆ ಬಾಗುತ್ತದೆ. ಮುಜೋಕೊದಲ್ಲಿ ಧನ ಬಲ ತಂತಿಯನ್ನು ಉದ್ದ ಮಾಡುತ್ತದೆ. ಆದ್ದರಿಂದ ಮೋಟರಿನ ಮಿತಿಯನ್ನು −100ರಿಂದ 0 ಎಂದೇ ಕೊಡಬೇಕು, ಇಲ್ಲವಾದರೆ ತಂತಿ ಕೋಲಿನಂತೆ ತಳ್ಳುತ್ತದೆ.

ಸುತ್ತಿನ ಘರ್ಷಣೆಯನ್ನು ಮಾತ್ರ ಈ ಮಾದರಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಯ್ಲರ್ ಮತ್ತು ಐಟೆಲ್‌ವೈನ್ ಹೆಸರಿನ ಸೂತ್ರದಂತೆ, ಘರ್ಷಣಾಂಕ 0.3 ಇದ್ದಾಗ ಅರ್ಧ ಸುತ್ತಿಗೇ 100 ನ್ಯೂಟನ್ 39ಕ್ಕೆ ಇಳಿಯುತ್ತದೆ. ಟೆಂಡನ್ನಿಗೆ ಘರ್ಷಣೆ ಕೊಡಲು ಇರುವ 'ಫ್ರಿಕ್ಷನ್‌ಲಾಸ್' ಸ್ಥಿರ ಸಂಖ್ಯೆ, ಎಳೆತದೊಂದಿಗೆ ಬೆಳೆಯದು. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಸುತ್ತಿನ ಕೋನ ಅಳೆದು ಮೋಟರಿನ ಬಲವನ್ನು ನಾವೇ ತಗ್ಗಿಸಬೇಕು. ತಂತಿ ಹಿಂದೆ ಸರಿಯುವಾಗ ಘರ್ಷಣೆಯ ದಿಕ್ಕು ತಿರುಗುತ್ತದೆ. ವೇಗ ಸೊನ್ನೆಯ ಹತ್ತಿರ ಈ ತಿರುವನ್ನು ನಯಗೊಳಿಸದಿದ್ದರೆ ಬೆರಳು ಗಡಗಡ ನಡುಗುತ್ತದೆ.