165 ಸಿಸಿಯ ಗೆರೆಯೊಳಗೆ

ಯಮಹಾ ಆರ್‌ಎಕ್ಸ್ 135 ಎಂಬ ಟೂ ಸ್ಟ್ರೋಕ್ ಬೈಕಿನ ಸಿಲಿಂಡರಿಗೆ 58 ಮಿ.ಮೀ. ಬೋರು (ಒಳವ್ಯಾಸ), 50 ಮಿ.ಮೀ. ಸ್ಟ್ರೋಕು (ಪಿಸ್ಟನ್ ಒಂದು ಕಡೆಗೆ ಓಡುವ ದೂರ). ಹೈಸ್ಕೂಲಿನಲ್ಲಿ ಕಲಿತ ಘನಫಲದ ಸೂತ್ರಕ್ಕೆ ಇವೆರಡನ್ನು ಹಾಕಿದರೆ 132 ಸಿಸಿ ಬರುತ್ತದೆ. ನಮ್ಮ ದೇಶದ ಬೈಕ್ ರೇಸುಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಗಡಿ 165 ಸಿಸಿ. 132ರ ಗಾಡಿಯನ್ನು ಆ ವರ್ಗದಲ್ಲಿ ಓಡಿಸಬೇಡಿ ಎಂದು ಯಾರೂ ಹೇಳುವುದಿಲ್ಲ. ಆದರೆ 33 ಸಿಸಿಯನ್ನು ಎದುರಾಳಿಗೆ ದಾನ ಕೊಟ್ಟು ಯಾರು ಓಡಿಸುತ್ತಾರೆ? ಆದ್ದರಿಂದ ಬೋರ್ ದೊಡ್ಡದು ಮಾಡಿಸುತ್ತಾರೆ.

ಎಷ್ಟು ದೊಡ್ಡದು? ಸ್ಟ್ರೋಕ್ ಹಾಗೇ ಇಟ್ಟು 64 ಮಿ.ಮೀ. ಮಾಡಿದರೆ 160.8 ಸಿಸಿ. ಇನ್ನೂ ಜಾಗವಿದೆ. 65 ಮಾಡಿದಿರೋ, 165.9, ಗೆದ್ದರೂ ಟ್ರೋಫಿ ಕೈಗೆ ಬರುವುದಿಲ್ಲ. 64.8 ಮಾಡಿದರೆ 164.9. ಅಂದರೆ ಒಳಗಿರುವುದಕ್ಕೂ ಹೊರಬೀಳುವುದಕ್ಕೂ ನಡುವಿನ ಅಂತರ ಮಿಲಿಮೀಟರಿನ ಹತ್ತರಲ್ಲೆರಡು ಪಾಲು. ವ್ಯಾಸ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ಬೋರಿನ ಪ್ರತಿ ಕೂದಲೆಳೆಗೂ ಬೆಲೆಯಿದೆ. ಸಿಲಿಂಡರಿನ ಮೂಲ ಲೈನರ್ (ಎರಕದ ಕಬ್ಬಿಣದ ಒಳಪದರ) ಇಷ್ಟು ಕೊರೆತವನ್ನು ತಾಳುವುದಿಲ್ಲ. ಅದನ್ನು ಕಿತ್ತು ದೊಡ್ಡ ಲೈನರ್ ಕೂರಿಸಬೇಕು, ಅದು ಇಳಿಯುವಂತೆ ಕೆಳಗೆ ಕ್ರ್ಯಾಂಕ್ ಎಂಬ ತಿರುಗುವ ದಂಡವಿರುವ ಪೆಟ್ಟಿಗೆಯ, ಅಂದರೆ ಕ್ರ್ಯಾಂಕ್‌ಕೇಸಿನ, ಬಾಯಿಯನ್ನೂ ಅಗಲ ಮಾಡಬೇಕು, ಅಳತೆಗೆ ಸರಿಹೊಂದುವ ಪಿಸ್ಟನ್ ಹುಡುಕಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಗಾತ್ರ ಮಾತ್ರ. ನಿಯಮಪುಸ್ತಕ ಅಳೆಯುವುದು ಸಿಲಿಂಡರಿನ ಜಾಗವನ್ನು. ಬಲ ಹುಟ್ಟುವುದೋ, ಆ ಜಾಗದಲ್ಲಿ ಒಂದು ನಿಮಿಷಕ್ಕೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು ಸುಟ್ಟಿತು ಎಂಬುದರಿಂದ. ಒಂದೇ ಸಿಸಿಯ ಎರಡು ಬೈಕುಗಳಲ್ಲಿ ಒಂದು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿಬಿಡುವುದು ಈ ಕಾರಣಕ್ಕೆ. ಜಾಗಕ್ಕೆ ಬೇಲಿ ಹಾಕಿದರೆ ಮೆಕ್ಯಾನಿಕ್ಕುಗಳು ಕಾಲದೊಳಕ್ಕೆ ನುಗ್ಗುತ್ತಾರೆ.

ಟೂ ಸ್ಟ್ರೋಕ್ ಎಂಜಿನ್ನಿನ ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ, ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಟಕಿಗಳಿವೆ, ಅವೇ ಪೋರ್ಟುಗಳು. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವುಗಳ ಬಾಗಿಲು. ಹಾಗಾಗಿ ಕಿಟಕಿಯ ಎತ್ತರವೇ ಗಡಿಯಾರ. ಹೊಗೆ ಹೋಗುವ ಪೋರ್ಟಿನ ಮೇಲಂಚನ್ನು ಒಂದು ಮಿ.ಮೀ. ಅರೆದರೆ, 50 ಮಿ.ಮೀ. ಸ್ಟ್ರೋಕಿನ ಈ ಎಂಜಿನ್ನಿನಲ್ಲಿ ಅದು ಕ್ರ್ಯಾಂಕಿನ ಸುತ್ತಿನ ಲೆಕ್ಕದಲ್ಲಿ ಎರಡು ಡಿಗ್ರಿಗಿಂತ ತುಸು ಹೆಚ್ಚು ಮೊದಲೇ ತೆರೆಯುತ್ತದೆ, ಅಷ್ಟೇ ತಡವಾಗಿ ಮುಚ್ಚುತ್ತದೆ. ಒಟ್ಟು ನಾಲ್ಕೂವರೆ ಡಿಗ್ರಿ ಹೆಚ್ಚು ಹೊತ್ತು. 9,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 9,000 ಸುತ್ತಿನ ವೇಗದಲ್ಲಿ, ಹೊಗೆಗೆ ಆ ಹೊತ್ತು ಬೇಕೇ ಬೇಕು. 3,000ದಲ್ಲಿ ಮಾತ್ರ ಅದು ನಷ್ಟ: ಒಳಗೆ ಬಂದ ಹೊಸ ಗಾಳಿ ತೆರೆದ ಬಾಗಿಲಿನಿಂದಲೇ ಆಚೆ ಹೋಗುತ್ತದೆ.

ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಈ ಕೆಲಸ ನೋಡುತ್ತ ನಾನೊಮ್ಮೆ ಅರ್ಧ ದಿನ ಕೂತಿದ್ದೆ. ಕ್ರ್ಯಾಂಕಿನ ತುದಿಗೆ ಡಿಗ್ರಿ ಗುರುತಿನ ಬಿಲ್ಲೆ, ಮುಳ್ಳಿನ ಬದಲು ಬಗ್ಗಿಸಿದ ಕಬ್ಬಿಣದ ತಂತಿ. ಸಿಲಿಂಡರಿನ ಒಳಗೋಡೆಗೆ ಕಾಗದ ಸುತ್ತಿ, ಪೋರ್ಟಿನ ಅಂಚಿನ ಮೇಲೆ ಪೆನ್ಸಿಲ್ ಉಜ್ಜಿ ನಕಲು ತೆಗೆದರು. ಆಮೇಲೆ ಸ್ವಲ್ಪ ಅರೆಯುವುದು, ಕಾಗದಕ್ಕೆ ಹಿಡಿದು ನೋಡುವುದು, ಮತ್ತೆ ಸ್ವಲ್ಪ ಅರೆಯುವುದು. ಇಷ್ಟು ನಿಧಾನ ಏಕೆ ಎಂದು ಕೇಳಿದ್ದಕ್ಕೆ ಮೇಸ್ತ್ರಿ ತಲೆಯೆತ್ತದೆ ಹೇಳಿದರು: "ಅರೆದಿದ್ದನ್ನ ವಾಪಸ್ ಅಂಟ್ಸೋಕಾಗಲ್ಲ ಸಾರ್." ಕೊನೆಗೆ ಹೆಡ್ ಬಿಗಿದು, ಪ್ಲಗ್ಗಿನ ತೂತಿನಿಂದ ಬೆಸುಗೆ ಹಾಕುವ ಸೀಸದ ತಂತಿಯನ್ನು ಒಳಗಿನ ಗೋಡೆ ಮುಟ್ಟುವಷ್ಟು ತೂರಿಸಿ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿದರು. ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕಿ ತಂತಿಯ ತುದಿ ಚಪ್ಪಟೆಯಾಗಿತ್ತು. ವರ್ನಿಯರ್‌ನಲ್ಲಿ ಹಿಡಿದಾಗ ಒಂದು ಮಿಲಿಮೀಟರು. ಅಷ್ಟೇ ಸಂದು ಉಳಿದಿದೆ ಎಂದರ್ಥ.

ಇನ್ನು ಸೈಲೆನ್ಸರು. ರೇಸಿನ ಟೂ ಸ್ಟ್ರೋಕಿಗೆ ಹಾಕುವ, ಹೊಟ್ಟೆ ಉಬ್ಬಿದ ಕೊಳವೆಯನ್ನು ಎಲ್ಲರೂ ಕರೆಯುವುದು ಚೇಂಬರ್ ಎಂದು. ಇದರ ಕತೆ ನಿಯಮಗಳ ಕತೆಯೂ ಹೌದು. ಎರಡನೇ ಮಹಾಯುದ್ಧದ ನಂತರ ಗ್ರ್ಯಾನ್ ಪ್ರಿ ಬೈಕುಗಳಲ್ಲಿ ಸೂಪರ್‌ಚಾರ್ಜರ್ ನಿಷೇಧವಾಯಿತು, ಅಂದರೆ ಯಂತ್ರವಿಟ್ಟು ಗಾಳಿ ತುರುಕುವಂತಿಲ್ಲ. ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಆ ಕೆಲಸವನ್ನು ಶಬ್ದದಿಂದ ಮಾಡಿಸಿದ. ಪೋರ್ಟ್ ತೆರೆದಾಗ ಹೊರಡುವ ಒತ್ತಡದ ಅಲೆ ಚೇಂಬರಿನ ಅಗಲವಾಗುವ ಭಾಗದಲ್ಲಿ ಹೀರುವ ಅಲೆಯಾಗಿ ಹಿಂದಿರುಗಿ ಸಿಲಿಂಡರನ್ನು ಖಾಲಿ ಮಾಡುತ್ತದೆ. ಕಿರಿದಾಗುವ ತುದಿಗೆ ಬಡಿದದ್ದು ಒತ್ತಡವಾಗಿಯೇ ವಾಪಸ್ ಬಂದು, ಆಚೆ ಸೋರಿದ್ದ ಹೊಸ ಗಾಳಿಯನ್ನು ಬಾಗಿಲು ಮುಚ್ಚುವ ಕೊನೇ ಗಳಿಗೆಯಲ್ಲಿ ಒಳಕ್ಕೆ ತಳ್ಳುತ್ತದೆ. ಯಾವ ಬಿಡಿಭಾಗವೂ ತಿರುಗುವುದಿಲ್ಲ, ಆದ್ದರಿಂದ ಯಾವ ನಿಯಮವೂ ಮುರಿಯುವುದಿಲ್ಲ. 1961ರಲ್ಲಿ ಆತನ 125 ಸಿಸಿ ಎಂಜಿನ್ 25 ಎಚ್‌ಪಿ ಕೊಡುತ್ತಿತ್ತು, ಲೀಟರಿಗೆ 200ರ ಲೆಕ್ಕ. ಅದೇ ವರ್ಷ ಅಲ್ಲಿನ ರೈಡರ್ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿಹೋಗಿ ಸುಜುಕಿ ಸೇರಿದ, ಗುಟ್ಟೂ ಅವನ ಜೊತೆ ಜಪಾನಿಗೆ ಹೋಯಿತು. ಮರುವರ್ಷ 50 ಸಿಸಿ ವಿಶ್ವ ಚಾಂಪಿಯನ್ ಅವನೇ.

ಚೇಂಬರಿನ ಉದ್ದವನ್ನು ನಾವೂ ಅಂದಾಜು ಮಾಡಬಹುದು. 9,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 6.7 ಮಿಲಿಸೆಕೆಂಡು. ಪೋರ್ಟ್ 190 ಡಿಗ್ರಿ ತೆರೆದಿದ್ದರೆ ಅದು 3.5 ಮಿಲಿಸೆಕೆಂಡು. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ, ಹೋಗಿ ಬರಲು 1.75 ಮೀಟರ್ ದಾರಿ, ಒಂದು ಕಡೆಗೆ 88 ಸೆಂಟಿಮೀಟರು. ಆರ್‌ಪಿಎಂ ಬದಲಾದರೆ ಈ ಲೆಕ್ಕ ತಪ್ಪುತ್ತದೆ. ಇಂಥ ಬೈಕುಗಳು ಒಂದು ಹಂತದವರೆಗೆ ಸುಸ್ತಾದಂತೆ ಬಂದು ಇದ್ದಕ್ಕಿದ್ದಂತೆ ಹಾರುವುದು ಅದಕ್ಕೇ. ಪೋರ್ಟ್ ಮುಟ್ಟದೆ ಚೇಂಬರ್ ಮಾತ್ರ ತಗುಲಿಸಿಕೊಂಡು ರಾತ್ರಿ ಹನ್ನೊಂದಕ್ಕೆ ನಮ್ಮ ಬೀದಿಯಲ್ಲಿ ಹೋಗುವವರಿಗೆ ಸಿಗುವುದು ಬಹುಪಾಲು ಸದ್ದು, ಜೊತೆಗೆ ನಮ್ಮ ಬೈಗುಳ.

ಫೋರ್ ಸ್ಟ್ರೋಕ್ ವರ್ಗಗಳಲ್ಲೂ ತತ್ವ ಇದೇ, ಅಲ್ಲಿ ಪೋರ್ಟಿನ ಎತ್ತರದ ಕೆಲಸವನ್ನು ವಾಲ್ವುಗಳನ್ನು ತೆರೆಯುವ ಕ್ಯಾಮ್ ಮಾಡುತ್ತದೆ. ಬಹುಮಟ್ಟಿಗೆ ಕಂಪನಿಯಿಂದ ಬಂದಂತೆಯೇ ಓಡಿಸುವ ಸ್ಟಾಕ್ ವರ್ಗವಾದರೆ ಕ್ಯಾಮಿಗೆ ಕೈ ಹಾಕುವಂತಿಲ್ಲ. ಆಗ ಕಾರ್ಬ್ಯುರೇಟರಿನ ಜೆಟ್ಟು, ಚೈನಿನ ಸ್ಪ್ರಾಕೆಟ್ಟು, ಟೈರಿನಂಥ ಅನುಮತಿಯಿರುವ ಸಣ್ಣಪುಟ್ಟದರಲ್ಲೇ ಹುಡುಕಾಡಬೇಕು.

ರೇಸು ಮುಗಿದ ಮೇಲೆ ತಪಾಸಣೆ. ಮುಂದೆ ಬಂದ ಗಾಡಿಗಳ ಹೆಡ್ ಬಿಚ್ಚಿ ಬೋರು, ಸ್ಟ್ರೋಕು ಅಳೆಯುತ್ತಾರೆ. 64.8ರ ಲೆಕ್ಕದಲ್ಲಿ ಬಂದವನ ಎದೆ ಹೊಡೆದುಕೊಳ್ಳುವುದು ಇಲ್ಲಿ. ಎರಕದ ಕಬ್ಬಿಣ ನೂರು ಡಿಗ್ರಿ ಬಿಸಿಯಾದರೆ ಈ ಅಗಲದ ಬೋರು ಮಿಲಿಮೀಟರಿನ ನೂರರಲ್ಲಿ ಏಳು ಪಾಲು ಹಿಗ್ಗುತ್ತದೆ. 164.9 ಸಿಸಿ ಎಂಬುದು 165.2 ಆಗಿರುತ್ತದೆ. ಅದಕ್ಕೆ ಸ್ಪ್ಯಾನರ್ ಕೈಯಲ್ಲಿದ್ದರೂ ಯಾರೂ ಅವಸರ ಮಾಡುವುದಿಲ್ಲ. ಎಂಜಿನ್ ಆರಲಿ ಎಂದು ನೆರಳಿನಲ್ಲಿ ನಿಲ್ಲಿಸಿ, ಫಿನ್ನುಗಳ ಮೇಲೆ ಆಗಾಗ ಕೈಯಿಟ್ಟು ನೋಡುತ್ತ, ಚಹಾ ತರಿಸಿ ಕುಡಿಯುತ್ತಾರೆ.